ಮನೆಯ ನಾಯಿ-ಬೆಕ್ಕಿಗೆ ಪ್ರೀತಿಯಿಂದ ಹಾಕುವ ತುತ್ತು ವಿಷವಾಗದಿರಲಿ



ಸಕ್ಕರೆ ಕಾಯಿಲೆ, ಬಿಪಿ, ಮೊಣಕಾಲು ನೋವು ಎಂದು ನಮ್ಮ ಆರೋಗ್ಯದ ಬಗ್ಗೆ ಬೇಕಾದಷ್ಟು ಓದುತ್ತೇವೆ. ಇವತ್ತು ಮನೆಯಲ್ಲಿರುವ, ಬಾಯಿ ಬಿಟ್ಟು ನೋವು ಹೇಳಲಾರದ ಜೀವಗಳ ಬಗ್ಗೆ ಸ್ವಲ್ಪ ತಿಳಿಯೋಣ. ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿಯ ಸಣ್ಣ ಸಣ್ಣ ಮನೆಗಳಲ್ಲೂ ಈಗ ಒಂದು ನಾಯಿಯೋ ಬೆಕ್ಕೋ ಇರುತ್ತದೆ. ಮನೆಯಲ್ಲಿ ಸಾಕದಿದ್ದರೂ ಬಿಲ್ಡಿಂಗಿನ ಕೆಳಗಿನ ನಾಯಿಗೆ ಉಳಿದ ಅನ್ನ ಹಾಕುವವರು ನಮ್ಮಲ್ಲಿ ಬಹಳ ಮಂದಿ.

ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದಿದೆ ಎಂದುಕೊಳ್ಳಿ. ಊರಿಂದ ತಂದ ವಿಜಯಪುರದ ಒಣದ್ರಾಕ್ಷಿ ಹಾಕಿ ಶಿರಾ ಮಾಡಿದ್ದೀರಿ. ನಾಯಿ ಬಾಲ ಅಲ್ಲಾಡಿಸುತ್ತಾ ನಿಂತಿದೆ. "ಪಾಪ, ಅದಕ್ಕೂ ಎರಡು ತುತ್ತು ಹಾಕಿ" ಎನ್ನುತ್ತಾರೆ ಅಜ್ಜಿ. ರಾತ್ರಿ ನಾಯಿ ವಾಂತಿ ಮಾಡುತ್ತದೆ. ಮರುದಿನ ಊಟ ಬಿಟ್ಟು ಮೂಲೆಯಲ್ಲಿ ಮಲಗುತ್ತದೆ. ಇನ್ನೆರಡು ದಿನದಲ್ಲಿ ಮೂತ್ರವೇ ನಿಲ್ಲಬಹುದು. ಆಗ ಡಾಕ್ಟರ ಬಳಿ ಓಡಿದರೆ ಕಿಡ್ನಿ ಕೈಕೊಟ್ಟಿರುತ್ತದೆ. ಕೊಟ್ಟವರದು ಪ್ರೀತಿಯೇ, ಆದರೆ ದ್ರಾಕ್ಷಿ ನಾಯಿಗೆ ವಿಷ ಎಂದು ಅವರಿಗೆ ಗೊತ್ತಿರಲಿಲ್ಲ.

*ಅಡುಗೆಮನೆಯಲ್ಲಿ ಇರುವುದು*

1. ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆಹಣ್ಣು: ದ್ರಾಕ್ಷಿಯಿಂದ ನಾಯಿಗಳ ಕಿಡ್ನಿ ಏಕೆ ಕೆಡುತ್ತದೆ ಎಂಬುದು ಬಹಳ ಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬಹುದು ಎಂದರು. ಇದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ತುಂಬಾ ಇದೆ, ಹುಣಸೆ ತಿಂದ ನಾಯಿಗಳಿಗೂ ಇದೇ ತೊಂದರೆ ಆಗಿದೆ. "ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಿಲ್ಲ" ಎನ್ನುವವರಿದ್ದಾರೆ. ಒಂದು ನಾಯಿ ತಡೆದುಕೊಂಡ ಪ್ರಮಾಣ ಇನ್ನೊಂದಕ್ಕೆ ಪ್ರಾಣಾಂತಿಕ ಆಗಬಹುದು. ಆದ್ದರಿಂದ ಒಂದು ಕಾಳೂ ಬೇಡ.

2. ಈರುಳ್ಳಿ, ಬೆಳ್ಳುಳ್ಳಿ: ಇವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಬೆಕ್ಕಿಗೆ ಅಪಾಯ ಹೆಚ್ಚು: 4 ಕಿಲೋ ತೂಕದ ಬೆಕ್ಕಿಗೆ 20 ಗ್ರಾಂ ಈರುಳ್ಳಿಯೇ ಸಾಕು. ಲಕ್ಷಣ ಕಾಣಲು ಕೆಲವು ದಿನ ಬೇಕು. ಒಸಡು ಬಿಳಚುತ್ತದೆ, ಏದುಸಿರು ಬರುತ್ತದೆ, ಮೂತ್ರ ಕಂದಾಗುತ್ತದೆ. ಸಾರು ಕಲಸಿದ ಅನ್ನ, ಮೀನು-ಕೋಳಿಯ ಮಸಾಲೆ, ಉಳಿದ ಪಾವ್‌ಭಾಜಿ ಹಾಕುವ ಮುಂಚೆ ಇದನ್ನು ನೆನಪಿಡಿ.

3. ಚಾಕೊಲೇಟ್: 10 ಕಿಲೋ ನಾಯಿಗೆ 100 ಗ್ರಾಂ ಹಾಲಿನ ಚಾಕೊಲೇಟ್ ವಾಂತಿ-ಭೇದಿ ತರಬಲ್ಲದು. ಕಪ್ಪು ಚಾಕೊಲೇಟ್ ಇನ್ನೂ ಕೆಟ್ಟದ್ದು, ಕೋಕೋ ಪುಡಿ ಎಲ್ಲಕ್ಕಿಂತ ಕೆಟ್ಟದ್ದು. ಹೆಚ್ಚಾದರೆ ಎದೆಬಡಿತ ಏರುಪೇರಾಗುತ್ತದೆ, ಫಿಟ್ಸ್ ಬರುತ್ತದೆ.

4. ಸಕ್ಕರೆರಹಿತ ಚೂಯಿಂಗ್ ಗಮ್: ಕೆಲವದರಲ್ಲಿ ಕ್ಸೈಲಿಟಾಲ್ ಇರುತ್ತದೆ. ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು.

5. ಪ್ಯಾರಾಸಿಟಮಾಲ್: ಇದು ಆಹಾರವಲ್ಲ, ಆದರೆ ಹೇಳಲೇಬೇಕು. ಜ್ವರ ಎಂದು ಬೆಕ್ಕಿಗೆ ನಾವು ನುಂಗುವ 500 ಮಿ.ಗ್ರಾಂ. ಮಾತ್ರೆ ಒಂದನ್ನು ಕೊಟ್ಟರೂ ಅದು ಸಾಯಬಹುದು. ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ.

*ದೇವರ ಕೋಣೆ, ಗ್ಯಾಲರಿಯಲ್ಲಿ ಇರುವುದು*

ಚೌತಿಗೆ ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ಎಕ್ಕ, ಉಮ್ಮತ್ತಿ, ಕಣಗಿಲೆ ಮೂರೂ ಇವೆ. ಶ್ರಾವಣ ಸೋಮವಾರ ಶಿವನಿಗೂ ಉಮ್ಮತ್ತಿ ಕಾಯಿ ಇಡುತ್ತೇವೆ. ಪೂಜೆಗೆ ಶ್ರೇಷ್ಠ, ಆದರೆ ಹೊಟ್ಟೆಗೆ ಹೋದರೆ ಮೂರೂ ವಿಷ. ಕಣಗಿಲೆಯ ಎಲೆ, ಹೂವು, ಕಾಂಡ ಯಾವುದೇ ಆದರೂ ಹೃದಯದ ಬಡಿತ ಕೆಡಿಸುತ್ತದೆ. ನಿರ್ಮಾಲ್ಯವನ್ನು ಚೀಲದಲ್ಲಿ ಕಟ್ಟಿ ನೆಲದ ಮೇಲೆ ಬಿಡಬೇಡಿ, ವಿಸರ್ಜನೆಯವರೆಗೆ ಎತ್ತರದಲ್ಲಿಡಿ.

ಹೂಗುಚ್ಛದಲ್ಲಿ ಬರುವ ಲಿಲಿ ಬೆಕ್ಕಿನ ಕಿಡ್ನಿಗೆ ಮಾರಕ. ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಸಾಕು. ಮನಿಪ್ಲಾಂಟ್ ಕಡಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ಲೋಳೆಸರ ತಿಂದರೆ ವಾಂತಿ-ಭೇದಿ. ಇವೆರಡರಿಂದ ಪ್ರಾಣ ಹೋಗುವುದು ಅಪರೂಪ. ತುಳಸಿ, ಮಲ್ಲಿಗೆ, ಅರೆಕಾ ಪಾಮ್ ಇದ್ದರೆ ಭಯ ಬೇಡ.

*ತಿಂದುಬಿಟ್ಟರೆ ಏನು ಮಾಡಬೇಕು?*

• ಲಕ್ಷಣ ಕಾಣಲಿ ಎಂದು ಕಾಯಬೇಡಿ. ತಿಂದ ಒಂದೆರಡು ಗಂಟೆಯೊಳಗಾದರೆ ಡಾಕ್ಟರು ವಾಂತಿ ಮಾಡಿಸಿ ಹೆಚ್ಚಿನ ವಿಷ ಹೊರತೆಗೆಯಬಹುದು. ನಾಯಿ ಆಡುತ್ತಾ ಓಡಾಡುತ್ತಾ ಇರುವಾಗಲೇ ಕರೆದೊಯ್ಯಬೇಕು.

• ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂಬ ಮೆಸೇಜು ಬರುತ್ತಲೇ ಇರುತ್ತದೆ. ದಯವಿಟ್ಟು ಮಾಡಬೇಡಿ. ಉಪ್ಪು ಹೆಚ್ಚಾಗಿಯೇ ನಾಯಿ ಸಾಯಬಹುದು. ಹಾಲು, ಎಣ್ಣೆಯನ್ನು ಬಲವಂತವಾಗಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

• ಏನು ತಿಂದಿತು, ಎಷ್ಟು, ಎಷ್ಟು ಗಂಟೆಗೆ, ಪ್ರಾಣಿಯ ತೂಕ ಎಷ್ಟು ಎಂದು ಬರೆದುಕೊಳ್ಳಿ. ಪ್ಯಾಕೆಟ್ಟು ಅಥವಾ ಎಲೆಯನ್ನೂ ಜೊತೆಗೆ ಒಯ್ಯಿರಿ.

• ಗಾಬರಿಯಲ್ಲಿ ಮರಾಠಿ ಹೆಸರು ನೆನಪಾಗದು, ಈಗಲೇ ಬರೆದಿಡಿ: ಕಣಗಿಲೆ ಎಂದರೆ ಕಣ್ಹೇರ್, ಉಮ್ಮತ್ತಿ ಎಂದರೆ ಧೋತ್ರಾ, ಎಕ್ಕ ಎಂದರೆ ರುಯಿ, ಈರುಳ್ಳಿ ಎಂದರೆ ಕಾಂದಾ, ಒಣದ್ರಾಕ್ಷಿ ಎಂದರೆ ಮನುಕಾ ಅಥವಾ ಬೇದಾಣಾ, ಹುಣಸೆ ಎಂದರೆ ಚಿಂಚ್.

• ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, 1886ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜೂ ಅಲ್ಲಿಯೇ ಇದೆ. ಆದರೆ ವಿಠ್ಠಲವಾಡಿಯಿಂದ ಲೋಕಲ್ ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಒಂದೆರಡು ಗಂಟೆ ಕಳೆದೇ ಹೋಗುತ್ತದೆ. ಮನೆಗೆ ಹತ್ತಿರದ, ರಾತ್ರಿಯೂ ಫೋನೆತ್ತುವ ಪಶುವೈದ್ಯರ ನಂಬರನ್ನು ಇವತ್ತೇ ಕೇಳಿ, ಫ್ರಿಜ್ಜಿನ ಮೇಲೆ ಅಂಟಿಸಿಡಿ.

ಹಾಗಾದರೆ ಏನು ಹಾಕಬಹುದು? ಒಗ್ಗರಣೆ ಇಲ್ಲದ ಬಿಳಿ ಅನ್ನ, ಬೇಯಿಸಿದ ಮೊಟ್ಟೆ, ಮಸಾಲೆ ಹಾಕದೆ ಬೇಯಿಸಿ ಮೂಳೆ ತೆಗೆದ ಕೋಳಿ, ನಾಯಿಗಾದರೆ ಒಂದು ತುಂಡು ಗಜ್ಜರಿಯನ್ನೂ ಕೊಡಬಹುದು. ಪೂಜೆಯ ದಿನ ಒಣದ್ರಾಕ್ಷಿ ಹಾಕುವ ಮುಂಚೆಯೇ ಅದರ ಪಾಲಿನ ಅನ್ನ ತೆಗೆದಿಡಿ. ಅಜ್ಜಿಯ ಮನಸ್ಸಿಗೂ ಸಮಾಧಾನ, ನಾಯಿಗೂ ಕ್ಷೇಮ.

ನಾಯಿ-ಬೆಕ್ಕು ಇರುವ ಮನೆಯವರಿಗೂ, ಅವಕ್ಕೆ ಅನ್ನ ಹಾಕುವ ಹಿರಿಯರಿಗೂ ಇದನ್ನು ಓದಿ ಹೇಳಿ, ಕಳುಹಿಸಿ.