ಪದ ನಿಂತ ಜಾಗವೂ ಮಾತಾಡಬೇಕು

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸು ಹಂಪನಕಟ್ಟೆ, ಜ್ಯೋತಿ, ಬೆಂದೂರ್‌ವೆಲ್ ದಾಟಿ ಕಂಕನಾಡಿಗೆ ಬಂದು ಪಂಪ್‌ವೆಲ್ ಕಡೆಗೆ ಸಾಗುತ್ತದೆ. ಹೆಸರುಗಳನ್ನು ಇದೇ ಸಾಲಿನಲ್ಲಿ ಬರೆದರೆ, ಊರಿಗೆ ಹೊಸಬರಾದವರಿಗೂ ಯಾವುದರ ನಂತರ ಯಾವುದು ಎಂಬುದು ತಿಳಿಯುತ್ತದೆ. ಬದಲಿಗೆ, ಹೆಚ್ಚು ಜನ ಇಳಿಯುವ ನಿಲ್ದಾಣದ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಉಳಿದವನ್ನು ಸಣ್ಣದಾಗಿ, ಜಾಗ ಸಿಕ್ಕಲ್ಲಿ ತುಂಬಿಸಿದರೆ ಅದು ಟ್ಯಾಗ್ ಕ್ಲೌಡ್. 2004ರ ನಂತರ ಫ್ಲಿಕರ್‌ನಂಥ ಜಾಲತಾಣಗಳು ಇದನ್ನು ಜನಪ್ರಿಯಗೊಳಿಸಿದವು. ನೋಡಲು ಚೆಂದ, ಆದರೆ ಉಪಯೋಗ?

ಇದರ ಹಿರಿಯ ಬಂಧು 1976ರದ್ದು. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಪ್ಯಾರಿಸ್ ನಿವಾಸಿಗಳಿಂದ ಅವರ ಮನಸ್ಸಿನಲ್ಲಿರುವ ಊರಿನ ವಿವರ ಪಡೆದು, ಹೆಚ್ಚು ಬಾರಿ ಬಂದ ಸ್ಥಳಗಳ ಹೆಸರನ್ನು ದೊಡ್ಡದಾಗಿ ಮುದ್ರಿಸಿದರು. ಅಲ್ಲಿ ಹೆಸರುಗಳು ನಕಾಶೆಯಲ್ಲಿ ತಮ್ಮ ನಿಜವಾದ ಜಾಗದಲ್ಲೇ ಇದ್ದವು. ಗಾತ್ರ ಒಂದು ಸಂಗತಿ ಹೇಳಿದರೆ, ಜಾಗ ಇನ್ನೊಂದನ್ನು ಹೇಳುತ್ತಿತ್ತು. ಇಂದಿನ ಟ್ಯಾಗ್ ಕ್ಲೌಡ್ ಆ ಎರಡನೆಯದನ್ನು ಕೈಬಿಟ್ಟಿದೆ. ಅದರ ದೊಡ್ಡ ಕೊರತೆ ಇದೇ ಎಂಬುದು ನನ್ನ ಅನಿಸಿಕೆ.

2007ರಲ್ಲಿ ಹಾಲ್ವೆ ಮತ್ತು ಕೀನ್ ಎಂಬ ಸಂಶೋಧಕರು ದೇಶಗಳ ಹೆಸರನ್ನು ಪಟ್ಟಿಯಲ್ಲೂ ಕ್ಲೌಡ್‌ನಲ್ಲೂ ಕೊಟ್ಟು, ಹೇಳಿದ ಹೆಸರನ್ನು ಹುಡುಕಲು ಜನರಿಗೆ ಎಷ್ಟು ಹೊತ್ತು ಬೇಕೆಂದು ಅಳೆದರು. ಅಕ್ಷರಾನುಕ್ರಮ ಹುಡುಕಾಟವನ್ನು ಚುರುಕಾಗಿಸಿತು. ದೊಡ್ಡ ಅಕ್ಷರದ ಹೆಸರುಗಳೂ ಬೇಗ ಸಿಕ್ಕವು. ಜನ ಕ್ಲೌಡನ್ನು ಓದುವುದಿಲ್ಲ, ಅದರ ಮೇಲೆ ಕಣ್ಣಾಡಿಸುತ್ತಾರೆ. ಹಾಗಾಗಿ ಸಣ್ಣಕ್ಷರದ ಪದಕ್ಕೆ ಅಲ್ಲಿ ನ್ಯಾಯ ಸಿಗುವುದು ಕಷ್ಟ.

ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೋಲಿಸುವಾಗಲೂ ಇದೇ ತೊಡಕು. ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ವಿಸ್ತೀರ್ಣಕ್ಕಿಂತ ನಿಖರವಾಗಿ ಅಂದಾಜಿಸುತ್ತದೆ ಎಂದು ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಸಂಶೋಧಕರು 1984ರಲ್ಲೇ ತೋರಿಸಿದ್ದರು. ಕ್ಲೌಡ್‌ನಲ್ಲಿ ಪದದ ಉದ್ದವೂ ಮೋಸ ಮಾಡುತ್ತದೆ: ಅಕ್ಷರದ ಅಳತೆ ಒಂದೇ ಇದ್ದರೂ ‘ಹಂಪನಕಟ್ಟೆ’ ‘ಜ್ಯೋತಿ’ಗಿಂತ ಹೆಚ್ಚು ಜಾಗ ಹಿಡಿಯುತ್ತದೆ.

ಕನ್ನಡಕ್ಕೆ ಇನ್ನೂ ಎರಡು ಕಷ್ಟಗಳಿವೆ. ಕಂಕನಾಡಿ, ಕಂಕನಾಡಿಗೆ, ಕಂಕನಾಡಿಯಲ್ಲಿ – ಇವು ನಮಗೆ ಒಂದೇ ಊರು, ಎಣಿಸುವ ಯಂತ್ರಕ್ಕೆ ಮೂರು ಪದ. ವಿಭಕ್ತಿ ಪ್ರತ್ಯಯ ಕಳಚದೆ ಎಣಿಸಿದರೆ ಊರಿನ ತೂಕ ಹಂಚಿಹೋಗಿ ಎಲ್ಲವೂ ಸಣ್ಣವಾಗುತ್ತವೆ. ಎರಡನೆಯದು ಇನ್ನೂ ಕೆಟ್ಟದ್ದು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪದ ಬಿಡಿಸುವ ಸಾಮಾನ್ಯ ಸೂತ್ರ ಕಾಗುಣಿತದ ಗುರುತುಗಳನ್ನೂ ಅನುಸ್ವಾರವನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ಅದರ ಕೈಗೆ ‘ಕಂಕನಾಡಿ’ ಕೊಟ್ಟರೆ ಕ, ಕನ, ಡ ಎಂದು ತುಂಡಾಗುತ್ತದೆ. ಒಂಟಿ ಅಕ್ಷರಗಳನ್ನು ಕೈಬಿಡುವ ವ್ಯವಸ್ಥೆಯಿದ್ದರೆ ಕ್ಲೌಡ್‌ನಲ್ಲಿ ಉಳಿಯುವುದು ‘ಕನ’ ಮಾತ್ರ. ನಮ್ಮ ಲಿಪಿಯನ್ನು ಅರಿಯದ ಸಾಧನ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ.

ಪದದ ಜಾಗವೂ ಮಾತಾಡುವ ಹಳೆಯ ಉದಾಹರಣೆ ಇಲ್ಲೇ ಇದೆ. ಕಂಕನಾಡಿಗೆ ಹತ್ತಿರದ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯವಿತ್ತು. ಆ ಮಿಶನ್ 1894ರಲ್ಲಿ ಪ್ರಕಟಿಸಿದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ವರ್ಣಮಾಲೆ ಬಲ್ಲವರು ಬೇಕಾದ ಪದವನ್ನು ಕ್ಷಣದಲ್ಲಿ ತೆರೆಯಬಲ್ಲರು, ಏಕೆಂದರೆ ಅಲ್ಲಿ ಪ್ರತಿ ಪದದ ಜಾಗಕ್ಕೂ ಕಾರಣವಿದೆ.

ಹಾಗೆಂದು ಕ್ಲೌಡ್ ವ್ಯರ್ಥವಲ್ಲ. ನೂರಾರು ದೂರು ಅರ್ಜಿಗಳ ರಾಶಿ ಎದುರಿಗಿದ್ದು, ಏನು ಹುಡುಕಬೇಕೆಂದೇ ತಿಳಿಯದಿದ್ದಾಗ ‘ನೀರು’, ‘ಚರಂಡಿ’ ಎಂದು ಎದ್ದು ಕಾಣುವ ಪದಗಳು ದಾರಿ ತೋರಿಸುತ್ತವೆ. ಅದೇ ದೂರು ಯಾವ ವಾರ್ಡಿನಲ್ಲಿ ಎಷ್ಟು ಎಂದು ಕೇಳುವಾಗ ಮಾತ್ರ ಇಳಿಕೆ ಕ್ರಮದ ಪಟ್ಟಿ ಮಾಡಿ, ಪ್ರತಿ ಹೆಸರಿನ ಪಕ್ಕದಲ್ಲಿ ಸಂಖ್ಯೆಗೆ ತಕ್ಕ ಉದ್ದದ ಗೆರೆ ಎಳೆಯಬೇಕು.