ಪಾದಗತಿ ವಿಚಾರ

‘ನಡೆ’ ಎಂಬ ಧಾತುವಿನಿಂದ ನಡಿಗೆ, ನಡತೆ, ನಡವಳಿಕೆ ಮೊದಲಾದ ಶಬ್ದಗಳು ಹುಟ್ಟಿವೆ. ನಡತೆಯು ನೀತಿಶಾಸ್ತ್ರಕ್ಕೆ ವಿಷಯವಾದರೆ ನಡಿಗೆಯು ಶರೀರದ ಯಂತ್ರಶಾಸ್ತ್ರಕ್ಕೆ ವಿಷಯವಾಗಿದೆ. ಕವಿಗಳು ನಾಯಿಕೆಯನ್ನು ಹಂಸಗಮನೆಯೆಂದೂ ಗಜಗಮನೆಯೆಂದೂ ಕರೆದರು. ನಾಟ್ಯಾಚಾರ್ಯರು ಪಾತ್ರಕ್ಕೆ ತಕ್ಕಂತೆ ಹೆಜ್ಜೆಯ ಅಳತೆಯನ್ನು ವಿಧಿಸಿದರು. ಈ ವರ್ಣನೆಗೂ ಈ ವಿಧಿಗೂ ಆಧಾರಭೂತವಾದ ಸಹಜಗತಿಯು ಎಂತಹುದು, ಅದರ ಪರಿಮಾಣವೆಷ್ಟು, ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ದೃಷ್ಟಾಂತಕ್ಕಾಗಿ ಬೆಂಗಳೂರಿನ ಪೂರ್ವಭಾಗದ ರಾಮಮೂರ್ತಿ ನಗರವನ್ನು ತೆಗೆದುಕೊಳ್ಳಬಹುದು. ಅಲ್ಲಿ ಕೌದೇನಹಳ್ಳಿಯ ಕಡೆಯಿಂದ ಹೊರವರ್ತುಲ ರಸ್ತೆಯತ್ತ ಆರೋಗ್ಯವಂತನಾದ ಪ್ರಾಪ್ತವಯಸ್ಕನೊಬ್ಬನು ತನ್ನ ಸಹಜವೇಗದಿಂದ ನಡೆಯುತ್ತಿರುವನೆಂದು ಭಾವಿಸತಕ್ಕದ್ದು. ನೆಲವು ಸಮವಾಗಿದ್ದರೆ ಅವನು ನಿಮಿಷಕ್ಕೆ 100ರಿಂದ 120 ಹೆಜ್ಜೆಗಳನ್ನಿಡುತ್ತಾನೆ. ಒಂದೊಂದು ಹೆಜ್ಜೆಯೂ ಸುಮಾರು 70 ಸೆಂಟಿಮೀಟರು. ಈ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ 1400ಕ್ಕಿಂತ ಸ್ವಲ್ಪ ಹೆಚ್ಚು ಹೆಜ್ಜೆಗಳೂ ಸುಮಾರು 13 ನಿಮಿಷಗಳೂ ಬೇಕಾಗುತ್ತವೆ. ಇಷ್ಟು ಹೆಜ್ಜೆಗಳಲ್ಲಿ ಒಂದನ್ನಾದರೂ ಅವನು ಯೋಚಿಸಿ ಇಡುವುದಿಲ್ಲ. ಆದರೂ ಪ್ರತಿಯೊಂದು ಹೆಜ್ಜೆಯಲ್ಲಿಯೂ ದೇಹವು ಬೀಳಲು ಹವಣಿಸಿ, ಬೀಳುವುದಕ್ಕೆ ಮೊದಲೇ ಮತ್ತೊಂದು ಕಾಲಿನ ಆಸರೆಯನ್ನು ಪಡೆಯುತ್ತದೆ.

ಒಂದು ಪಾದದ ಹಿಮ್ಮಡಿಯು ನೆಲವನ್ನು ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿಯು ಮತ್ತೆ ಮುಟ್ಟುವವರೆಗಿನ ಕಾಲಕ್ಕೆ ಗತಿಚಕ್ರವೆಂಬ ಹೆಸರನ್ನಿಡಬಹುದು. ಇದರಲ್ಲಿ ಎರಡು ಹೆಜ್ಜೆಗಳಿರುವುದರಿಂದ ‘ಹೆಜ್ಜೆ’ ಎಂಬ ಮಾತನ್ನೇ ಇದಕ್ಕೂ ಬಳಸುವುದು ಸರಿಯಲ್ಲ. ‘ಜೋಡಿಹೆಜ್ಜೆ’ ಎಂಬುದು ಯುಕ್ತವಾದೀತು. ಗತಿಚಕ್ರದ ಕಾಲವು ಒಂದು ಸೆಕೆಂಡಿಗಿಂತ ತುಸು ಹೆಚ್ಚು. ನೂರು ಪಾಲಿನಲ್ಲಿ ಸುಮಾರು 60 ಪಾಲು ಆ ಪಾದವು ನೆಲವನ್ನೂರಿ ಭಾರವನ್ನು ಹೊರುತ್ತದೆ. ಆಗ ಅದು ಊರುಗಾಲು. ಉಳಿದ 40 ಪಾಲು ಗಾಳಿಯಲ್ಲಿ ಮುಂದಕ್ಕೆ ಬೀಸುತ್ತದೆ. ಆಗ ಅದು ಬೀಸುಗಾಲು. ಚಕ್ರಕ್ಕೆ ಎರಡು ಬಾರಿ, ಒಂದೊಂದು ಬಾರಿಗೆ ಹತ್ತು ಪಾಲಿನಂತೆ, ಎರಡು ಪಾದಗಳೂ ನೆಲದ ಮೇಲೆ ಒಟ್ಟಿಗೆ ಇರುತ್ತವೆ. ಈ ದ್ವಿಪಾದಾಧಾರವೇ ನಡಿಗೆಗೂ ಓಟಕ್ಕೂ ಇರುವ ಭೇದಕಲಕ್ಷಣ. ಓಟದಲ್ಲಿ ಅದು ಇಲ್ಲವಾಗಿ, ಅದರ ಬದಲು ಎರಡು ಪಾದಗಳೂ ನೆಲವನ್ನು ಬಿಟ್ಟ ಕ್ಷಣವು ಬರುತ್ತದೆ.

ಊರುಗಾಲಿನ ಕಾರ್ಯವನ್ನು ತಲೆಕೆಳಗಾದ ಲೋಲಕಕ್ಕೆ ಹೋಲಿಸುವುದುಂಟು. ಪಾದವೇ ಕೀಲು, ಅದರ ಮೇಲೆ ದೇಹದ ಗುರುತ್ವಕೇಂದ್ರವು ಕಮಾನಿನಂತೆ ದಾಟುತ್ತದೆ. ಕಾಲು ನೆಟ್ಟಗಾದಾಗ ದೇಹವು ಅತ್ಯಂತ ಎತ್ತರದಲ್ಲಿಯೂ ಮಂದವೇಗದಲ್ಲಿಯೂ ಇರುತ್ತದೆ. ಎರಡು ಪಾದಗಳೂ ಊರಿದಾಗ ತಗ್ಗಿನಲ್ಲಿಯೂ ಅಧಿಕವೇಗದಲ್ಲಿಯೂ ಇರುತ್ತದೆ. ಈ ಏರಿಳಿತವು 4–5 ಸೆಂಟಿಮೀಟರು ಮಾತ್ರ. ಎತ್ತರವು ವೇಗವಾಗಿಯೂ ವೇಗವು ಎತ್ತರವಾಗಿಯೂ ಮಾರ್ಪಡುವುದರಿಂದ ದೇಹವನ್ನು ಎತ್ತಿ ಮುಂದಕ್ಕೊಯ್ಯಲು ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉಳಿತಾಯವಾಗುತ್ತದೆ. ಉಳಿದುದನ್ನು ಮುಖ್ಯವಾಗಿ ಮೀನಖಂಡದ ಸ್ನಾಯುಗಳು ಹಿಂದಿನ ಪಾದದಿಂದ ನೆಲವನ್ನು ಒತ್ತಿ ಒದಗಿಸುತ್ತವೆ.

ಬೀಸುಗಾಲಿನ ವಿಷಯದಲ್ಲಿ ವಿದ್ವಾಂಸರ ಅಭಿಪ್ರಾಯವು ಕಾಲಕ್ರಮದಲ್ಲಿ ಬದಲಾಯಿತು. 1836ರಲ್ಲಿ ಜರ್ಮನಿಯ ವೇಬರ್ ಸಹೋದರರು, ಕಾಲು ಸ್ನಾಯುಗಳ ನೆರವಿಲ್ಲದೆ ಬರಿಯ ಲೋಲಕದಂತೆ ತೂಗುತ್ತದೆಯೆಂದು ಸಾಧಿಸಿದರು. 19ನೆಯ ಶತಮಾನದ ಕೊನೆಯಲ್ಲಿ ಬ್ರೌನೆ ಮತ್ತು ಫಿಷರ್ ಎಂಬವರು ಛಾಯಾಚಿತ್ರಗಳಿಂದ ಅಂಗಾಂಗಗಳ ಸ್ಥಾನವನ್ನು ಕ್ಷಣಕ್ಷಣಕ್ಕೂ ಅಳೆದು, ಬೀಸುವುದರಲ್ಲಿಯೂ ಸ್ನಾಯುಗಳ ಪಾತ್ರವುಂಟೆಂದು ತೋರಿಸಿದರು. ತೊಡೆಯ ಮುಂಭಾಗದ ಸ್ನಾಯುವು ಬೀಸನ್ನು ಆರಂಭಿಸುತ್ತದೆ. ಮೊಣಕಾಲು ಸುಮಾರು 60 ಅಂಶಗಳಷ್ಟು ಮಡಿಯುತ್ತದೆ. ಕಣಕಾಲಿನ ಮುಂಭಾಗದ ಸ್ನಾಯುವು ಪಾದದ ತುದಿ ಜೋಲದಂತೆ ಎತ್ತಿಹಿಡಿಯುತ್ತದೆ.

ಇನ್ನು ಪಾರ್ಶ್ವಚಲನೆ. ಒಂದು ಕಾಲು ಬೀಸುವಾಗ ಶ್ರೋಣಿಯ ಆ ಪಕ್ಕಕ್ಕೆ ಕೆಳಗಿನಿಂದ ಆಸರೆಯಿಲ್ಲ. ಊರುಗಾಲಿನ ಪಕ್ಕದ ಮಧ್ಯನಿತಂಬಸ್ನಾಯುವು ಬಿಗಿದು ಶ್ರೋಣಿಯು ಐದು ಅಂಶಗಳಿಗಿಂತ ಹೆಚ್ಚಾಗಿ ಜಾರದಂತೆ ತಡೆಯುತ್ತದೆ. ಈ ಸ್ನಾಯುವು ಎರಡು ಪಕ್ಕದಲ್ಲಿಯೂ ದುರ್ಬಲವಾದರೆ ಮನುಷ್ಯನು ಹೆಜ್ಜೆಹೆಜ್ಜೆಗೂ ಎಡಬಲಕ್ಕೆ ತೊನೆಯುತ್ತಾನೆ. ನೆಲದ ಮೇಲೆ ನಡೆಯುವ ಹಂಸದ ತೊನೆತವೂ ಇಂತಹುದೇ. ಕವಿಗಳಿಗೆ ವಿಲಾಸವಾಗಿ ತೋರಿದುದು ವೈದ್ಯನಿಗೆ, ಮಿತಿಮೀರಿದಾಗ, ರೋಗಲಕ್ಷಣ. ಇವೆರಡರ ನಡುವಣ ಅಂತರವು ಕೇವಲ ಪ್ರಮಾಣದ್ದು. ಸಹಜಗತಿಯಲ್ಲಿಯೂ 4–5 ಸೆಂಟಿಮೀಟರಿನ ಪಾರ್ಶ್ವಚಲನೆಯು ಇದ್ದೇ ಇದೆ.

ಭರತನ ನಾಟ್ಯಶಾಸ್ತ್ರದ ಗತಿಪ್ರಕರಣವನ್ನು ಈ ಪರಿಮಾಣಗಳೊಡನೆ ಇಟ್ಟು ನೋಡಿದರೆ ಒಂದು ಸ್ವಾರಸ್ಯವು ಹೊಳೆಯುತ್ತದೆ. ಅಲ್ಲಿ ದೇವತೆಗಳಿಗೂ ರಾಜರಿಗೂ ನಾಲ್ಕು ತಾಲದ ಪಾದಾಂತರವನ್ನೂ, ಮಧ್ಯಮಪಾತ್ರಗಳಿಗೆ ಎರಡನ್ನೂ, ಸ್ತ್ರೀಪಾತ್ರಗಳಿಗೂ ನೀಚಪಾತ್ರಗಳಿಗೂ ಒಂದನ್ನೂ ವಿಧಿಸಿದೆ. ತಾಲವೆಂದರೆ ಹನ್ನೆರಡು ಅಂಗುಲದ ಗೇಣು, ಹೆಚ್ಚುಕಡಮೆ 22 ಸೆಂಟಿಮೀಟರು. ಆಗ ರಾಜನ ಹೆಜ್ಜೆ ಸುಮಾರು 90 ಸೆಂಟಿಮೀಟರು, ಮಧ್ಯಮನದು 45. ಲೋಕದ ಸಹಜವಾದ ಹೆಜ್ಜೆಯು ಮೂರು ತಾಲದಷ್ಟಾಗಿ ಇವೆರಡರ ನಡುವೆ ಬೀಳುತ್ತದೆ. ಮೇಲಾಗಿ ಉತ್ತಮರಿಗೆ ಧೈರ್ಯಯುಕ್ತವಾದ ಗತಿಯೂ ಅಧಮರಿಗೆ ದ್ರುತಗತಿಯೂ ವಿಹಿತವಾಗಿವೆ. ಲೋಕದಲ್ಲಿಯಾದರೋ ವೇಗವು ಹೆಚ್ಚಿದಂತೆ ಹೆಜ್ಜೆಯ ಉದ್ದವೂ ಹೆಜ್ಜೆಗಳ ಸಂಖ್ಯೆಯೂ ಜೊತೆಯಾಗಿಯೇ ಹೆಚ್ಚುತ್ತವೆ. ರಂಗದ ಮೇಲೆ ಉದ್ದವಾದ ಹೆಜ್ಜೆಯನ್ನು ಮೆಲ್ಲನೆ ಇಡಬೇಕಾದ ನಟನು ಒಂದೇ ಕಾಲಿನ ಮೇಲೆ ದೀರ್ಘಕಾಲ ನಿಲ್ಲಬೇಕಾಗುತ್ತದೆ. ಸ್ನಾಯುಬಲವೂ ತೂಕದ ಹದವೂ ಇಲ್ಲದವನಿಗೆ ಇದು ಸಾಧ್ಯವಲ್ಲ. ಆದಕಾರಣ ಇಲ್ಲಿಯ ‘ಧೈರ್ಯ’ ಶಬ್ದಕ್ಕೆ ಎದೆಗಾರಿಕೆಯೆಂಬ ರೂಢಿಯ ಅರ್ಥಕ್ಕಿಂತ ಸ್ಥಿರತೆಯೆಂಬ ಅರ್ಥವೇ ಯುಕ್ತವೆನ್ನಲು ಶರೀರಶಾಸ್ತ್ರದ ಬೆಂಬಲವೂ ದೊರೆಯುತ್ತದೆ.

ವೃದ್ಧಾಪ್ಯದಲ್ಲಿ ಈ ಸ್ಥಿರತೆಯೇ ಮೊದಲು ಕುಗ್ಗುವುದು. ವೃದ್ಧರ ಹೆಜ್ಜೆ ಗಿಡ್ಡವಾಗುತ್ತದೆ, ದ್ವಿಪಾದಾಧಾರದ ಕಾಲವು ಹೆಚ್ಚುತ್ತದೆ. ಇದನ್ನು ದೌರ್ಬಲ್ಯವೆಂದಷ್ಟೇ ಎಣಿಸಬಾರದು. ಬೀಳದಿರಲು ದೇಹವು ಕೈಗೊಂಡ ಎಚ್ಚರಿಕೆಯೂ ಹೌದು. ಎಚ್ಚರಿಕೆಗೆ ಕಾರಣವು ಬೀಸುಗಾಲಿನಲ್ಲಿದೆ. ಬೀಸಿನ ನಡುವೆ ಕಾಲ್ಬೆರಳಿಗೂ ನೆಲಕ್ಕೂ ಉಳಿಯುವ ತೆರಪು ಒಂದರಿಂದ ಎರಡು ಸೆಂಟಿಮೀಟರು, ಅಂದರೆ ಒಂದು ಬೆರಳಿನ ಅಗಲ. ಅದೇ ಹೊತ್ತಿಗೆ ಪಾದದ ವೇಗವು ದೇಹದ ವೇಗದ ಮೂರರಷ್ಟಾಗಿರುತ್ತದೆ. ದೇಹದ ಭಾರವೆಲ್ಲ ಇನ್ನೊಂದು ಕಾಲಿನ ಮೇಲಿರುತ್ತದೆ. ರಾಮಮೂರ್ತಿ ನಗರದ ಕಾಲುದಾರಿಯಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿಯೊಂದು ಪಕ್ಕದ ಚಪ್ಪಡಿಗಿಂತ ಒಂದು ಬೆರಳು ಎದ್ದಿದ್ದರೆ, ಹಾಸಿದವನಿಗೆ ಅದು ಅಲ್ಪದೋಷವಾಗಿ ಕಂಡೀತು. ನಡೆಯುವವನಿಗಾದರೋ ಇದ್ದ ತೆರಪೆಲ್ಲ ಅಲ್ಲಿಯೇ ಮುಗಿಯಿತು. ಯುವಕನು ಎಡವಿದರೆ ಮುಂದಿನ ಪಾದವನ್ನು ಥಟ್ಟನೆ ಚಾಚಿ ಸಾವರಿಸಿಕೊಳ್ಳುತ್ತಾನೆ. ವೃದ್ಧನಿಗೆ ಆ ಚುರುಕು ಇಲ್ಲದಿರುವುದರಿಂದ ಎಡವುವುದು ಬೀಳುವುದಾಗಿ, ಬೀಳುವುದು ತೊಡೆಯೆಲುಬಿನ ಮುರಿತವಾಗಿ ಪರಿಣಮಿಸಬಹುದು.

ರಸ್ತೆಯನ್ನು ದಾಟುವಲ್ಲಿಯೂ ಇದೇ ನ್ಯಾಯ. ಸಂಚಾರದ ದೀಪಗಳ ಕಾಲವನ್ನು ಗೊತ್ತುಮಾಡುವಾಗ ಪಾದಚಾರಿಯ ವೇಗವು ಸೆಕೆಂಡಿಗೆ 1.2 ಮೀಟರೆಂದು ಹಿಡಿಯುವುದು ಯಂತ್ರಶಿಲ್ಪಿಗಳಲ್ಲಿ ಬಹುಕಾಲದ ರೂಢಿ. 24 ಮೀಟರು ಅಗಲದ ರಸ್ತೆಗೆ ಆಗ 20 ಸೆಕೆಂಡು ಸಾಕು. ಸೆಕೆಂಡಿಗೆ 0.8 ಮೀಟರು ಮಾತ್ರ ನಡೆಯಬಲ್ಲ ವೃದ್ಧೆಯು ಅಷ್ಟರಲ್ಲಿ 16 ಮೀಟರನ್ನು ಕ್ರಮಿಸಿ, ದೀಪವು ಬದಲಾದಾಗ ಇನ್ನೂ 8 ಮೀಟರು ದೂರದಲ್ಲಿ, ವಾಹನಗಳ ಎದುರಿನಲ್ಲಿ ಉಳಿದಿರುತ್ತಾಳೆ. ಹೊರವರ್ತುಲ ರಸ್ತೆಯಂತಹ ವಿಸ್ತಾರವಾದ ದಾರಿಗಳಲ್ಲಿ ಈ ಹತ್ತು ಸೆಕೆಂಡುಗಳ ಕೊರತೆಯು ಪ್ರಾಣಕ್ಕೆ ಸಂಬಂಧಪಟ್ಟ ವಿಷಯ.

ಶಾಸ್ತ್ರವು ಲೋಕೋಪಯೋಗಿಯಾಗಬೇಕಾದರೆ ಅದರ ಪರಿಭಾಷೆಯು ಲೋಕದ ನುಡಿಯಲ್ಲಿರಬೇಕು. ಕಾಲುದಾರಿಗೆ ಕಲ್ಲು ಹಾಸುವವನಿಗೂ, ಮುರಿದ ಕಾಲಿಗೆ ನಡಿಗೆಯನ್ನು ಮತ್ತೆ ಕಲಿಸುವ ಚಿಕಿತ್ಸಕನಿಗೂ, ಕಾವ್ಯದ ಗತಿವರ್ಣನೆಯನ್ನು ಬೋಧಿಸುವ ಅಧ್ಯಾಪಕನಿಗೂ ಒಂದೇ ಮಾತು ಅರ್ಥವಾಗುವಂತಿದ್ದರೆ ಲೇಸು. ಊರುಗಾಲು, ಬೀಸುಗಾಲು, ಜೋಡಿಹೆಜ್ಜೆ, ತೆರಪು ಎಂಬಿವು ಅಂತಹ ಮಾತುಗಳು. ಗತಿಚಕ್ರ, ದ್ವಿಪಾದಾಧಾರ ಎಂಬಿವುಗಳಿಗೆ ಇವುಗಳಿಗಿಂತ ಸುಲಭವಾದ ದೇಶ್ಯರೂಪಗಳು ದೊರೆತರೆ ವಿದ್ವಾಂಸರು ಅವನ್ನು ಸೂಚಿಸಬಹುದು.