ಮದ್ದಿನ ನೆನಪಿಗೆ ಕಾಗದದ ಕೊಂಡಿ

ಹಿರಿಯರ ಶುಶ್ರೂಷೆಯಲ್ಲಿ ಔಷಧದಷ್ಟೇ ಮುಖ್ಯವಾದುವು ಹಳೆಯ ಕಾಗದಪತ್ರಗಳು. ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ತಂದೆತಾಯಿಯರ ರಕ್ತಪರೀಕ್ಷೆಯ ವರದಿಗಳು ಒಮ್ಮೆ ಬೆಂಗಳೂರಿನಿಂದ, ಒಮ್ಮೆ ಇಲ್ಲಿಯ ಪ್ರಯೋಗಾಲಯದಿಂದ ಇ-ಮೇಲಿನಲ್ಲಿ ಬರುವುದುಂಟು. ವೈದ್ಯರನ್ನು ಕಾಣುವ ದಿನವನ್ನು ಗಣಕದ ಕಾರ್ಯಪಟ್ಟಿ ನೆನಪಿಸುತ್ತದೆ; ವರದಿ ಎಲ್ಲಿದೆಯೆಂದು ಹೇಳುವುದಿಲ್ಲ. ಹಿಂದಿನ ಸಕ್ಕರೆಯ ಪ್ರಮಾಣ, ಮೈಗೆ ಒಗ್ಗದ ಮದ್ದಿನ ಹೆಸರು ಸಮಯಕ್ಕೆ ದೊರೆಯದಿದ್ದರೆ ಚಿಕಿತ್ಸೆಯೇ ದಾರಿ ತಪ್ಪೀತು.

ಇದಕ್ಕೆ ಪರಿಹಾರ ಹೊಸದೇನಲ್ಲ. 2013ರಲ್ಲಿ ಸಚಿವಾಲಯವು ನಬಾನ್ನಕ್ಕೆ ಸ್ಥಳಾಂತರಗೊಳ್ಳುವ ತನಕ ರೈಟರ್ಸ್ ಬಿಲ್ಡಿಂಗಿನಂತಹ ಕಚೇರಿಗಳು ನಡೆದದ್ದು ಕಡತಗಳ ಮೇಲೆಯೇ. ಟಿಪ್ಪಣಿಯಲ್ಲಿ ಕಡತದ ಸಂಖ್ಯೆ ಇದ್ದರೆ ಹುಡುಕುವ ಶ್ರಮ ಉಳಿಯುತ್ತದೆ.

ಮೈಕ್ರೋಸಾಫ್ಟ್ ಔಟ್‌ಲುಕ್‌ನ ಹಳೆಯ ರೂಪದಲ್ಲಿ ಪ್ರತಿಯೊಂದು ಫೋಲ್ಡರಿಗೂ ‘ಎಂಟ್ರಿ ಐಡಿ’ ಎಂಬ ಗುರುತಿದೆ. ವಿಬಿಎ ಭಾಷೆಯ ಪುಟ್ಟ ಕ್ರಮವಿಧಿಯೊಂದು ಅದನ್ನು ಕಾರ್ಯದ ಟಿಪ್ಪಣಿಯಲ್ಲಿ ಬರೆದಿಟ್ಟು, ಬೇಕಾದಾಗ ‘ಗೆಟ್‌ಫೋಲ್ಡರ್‌ಫ್ರಮ್‌ಐಡಿ’ ಎಂಬ ಆದೇಶದಿಂದ ಅದೇ ಫೋಲ್ಡರನ್ನು ತೆರೆಯಬಲ್ಲುದು. ಫೋಲ್ಡರಿನ ಹೆಸರು ಬದಲಾದರೂ ಗುರುತು ಉಳಿಯುತ್ತದೆ. ಬೇರೊಂದು ಖಾತೆಗೆ ಸಾಗಿಸಿದರೆ ಅಳಿಯುತ್ತದೆ. ವಿಂಡೋಸ್‌ನ ಹೊಸ ಔಟ್‌ಲುಕ್‌ನಲ್ಲಿ ವಿಬಿಎಗೆ ಎಡೆಯಿಲ್ಲ. ಜಿಮೇಲ್ ಬಳಸುವವರು ಲೇಬಲನ್ನು ತೆರೆದು, ಬ್ರೌಸರಿನ ಮೇಲಂಚಿನ ವಿಳಾಸವನ್ನು ಟಿಪ್ಪಣಿಗೆ ಸೇರಿಸಿದರೆ ಸಾಕು. ಅಲ್ಲಿ ಹೆಸರು ಬದಲಿಸಿದರೆ ಕೊಂಡಿ ಕಳಚುತ್ತದೆ.

ಆದುದರಿಂದ ರೋಗಿಗೊಂದು ಫೋಲ್ಡರು, ಭೇಟಿಗೊಂದು ಕಾರ್ಯ, ಎರಡರ ನಡುವೆ ಒಂದು ಕೊಂಡಿ ಇರಲಿ. ಈ ಕೊಂಡಿಯು ಖಾತೆಯ ಒಡೆಯರಿಗಷ್ಟೇ ತೆರೆಯುವುದರಿಂದ, ಮನೆಯ ಉಳಿದವರಿಗಾಗಿ ಮದ್ದುಗಳ ಪಟ್ಟಿಯೂ ಇತ್ತೀಚಿನ ವರದಿಯೂ ಕಾಗದದ ಮೇಲೆ ಕೈಗೆಟುಕುವಂತಿರಬೇಕು. ಯಂತ್ರ ಕೈಕೊಟ್ಟ ದಿನ ಕಾಪಾಡುವುದು ಆ ಒಂದು ಹಾಳೆಯೇ.